ಏಳಕ್ಕಲ್ಲ, ಐದೂವರೆಗೆ ಹೋಗಿ: ಕ್ಯಾಲಿಫೋರ್ನಿಯಾದ ಸಿಟಿ ಕೌನ್ಸಿಲ್ ಸಭೆಗೆ ಕನ್ನಡಿಗರ ಕೈಪಿಡಿ

ನಮ್ಮ ಬೀದಿಯ ಹಿಂದೆ ಸಿಟಿಯ ಒಡೆತನದ ಒಂದು ಖಾಲಿ ಜಾಗವಿತ್ತು. ಅದರಲ್ಲಿ ಸಮುದಾಯ ತೋಟ. ಬೇಸಿಗೆಗೆ ಊರಿನಿಂದ ಬರುವ ಅಮ್ಮ ಅಲ್ಲೊಂದು ಪಾತಿ ಮಾಡಿಕೊಂಡು ಹೀರೇಕಾಯಿ, ದಂಟಿನ ಸೊಪ್ಪು ಬೆಳೆಯುತ್ತಿದ್ದರು. ಆ ಜಾಗವನ್ನು ಕಾರು ನಿಲ್ಲಿಸಲು ಗುತ್ತಿಗೆ ಕೊಡುವ ಮಾತು ಸಿಟಿ ಕೌನ್ಸಿಲ್ ಮುಂದೆ ಬರುತ್ತಿದೆ ಎಂದು ಪಕ್ಕದ ಪಾತಿಯವರು ಹೇಳಿದರು. ಒಂದು ಮಂಗಳವಾರ ಸಂಜೆ ಏಳಕ್ಕೆ ಸರಿಯಾಗಿ ನಾವಿಬ್ಬರೂ ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆವು. ಹತ್ತು ಗಂಟೆಯಾದರೂ ತೋಟದ ಸುದ್ದಿಯೇ ಇಲ್ಲ. ಕೊನೆಗೆ ಸಿಟಿ ಕ್ಲರ್ಕ್ ಬಳಿ ಹೋಗಿ ಕೇಳಿದರೆ, ಅದು ಐದೂವರೆಗೇ ಕ್ಲೋಸ್ಡ್ ಸೆಷನ್‌ನಲ್ಲಿ ಮುಗಿಯಿತು ಎಂದರು.

"ಬಾಗಿಲು ಹಾಕಿಕೊಂಡು ಮಾತನಾಡುವುದಾದರೆ ನಾವು ಬಂದು ತಾನೇ ಏನು ಮಾಡುವುದಿತ್ತು?" ಎಂದು ಅಮ್ಮ ಕಾರಿನಲ್ಲಿ ಕೇಳಿದರು. ನನಗೂ ಹಾಗೆಯೇ ಅನ್ನಿಸಿತ್ತು. ಮಾರನೆಯ ವಾರ ಕಾಯ್ದೆಯನ್ನು ಕುಳಿತು ಓದಿದಾಗ ಮಾಡುವುದು ಸಾಕಷ್ಟು ಇತ್ತೆಂದು ತಿಳಿಯಿತು. ಬಾಗಿಲು ಮುಚ್ಚುವ ಮೊದಲು, ಒಳಗೆ ಏನು ಮಾತನಾಡುತ್ತೇವೆ ಎಂಬುದನ್ನು ಅವರು ಹೇಳಲೇಬೇಕು. ಅದರ ಮೇಲೆ ನಮ್ಮ ಮಾತು ಕೇಳಲೇಬೇಕು. ಬಾಗಿಲು ತೆರೆದ ಮೇಲೆ ಕೆಲವು ಬಗೆಯ ನಿರ್ಧಾರಗಳನ್ನು ಎಲ್ಲರೆದುರು ಓದಲೇಬೇಕು. ನಮ್ಮಂಥವರಿಗೆ ಕೆಲಸವಿರುವುದು ಆ ಬಾಗಿಲಿನ ಆಚೀಚೆಯ ಹತ್ತು ಹತ್ತು ನಿಮಿಷಗಳಲ್ಲಿ. ಅದನ್ನು ಬಿಟ್ಟು ಏಳಕ್ಕೆ ಹೋದರೆ ಮದುವೆ ಮನೆಗೆ ಧಾರೆಯೆಲ್ಲ ಮುಗಿದ ಮೇಲೆ ಹೋದಂತೆ.

ಯಾವ ಕಾಯ್ದೆ, ಯಾರಿಗೆ

ಇದರ ಹೆಸರು ಬ್ರೌನ್ ಕಾಯ್ದೆ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯಲ್ಲಿ, ಊರೂರಿನ ಆಡಳಿತ ಮಂಡಳಿಗಳು ಹೇಗೆ ಗುಟ್ಟಾಗಿ ಕೂಡಿ ತೀರ್ಮಾನ ಮಾಡುತ್ತವೆ ಎಂಬ ಲೇಖನಮಾಲೆ ಬಂತು. ಮೊಡೆಸ್ಟೊ ಊರಿನ ಶಾಸಕ ರಾಲ್ಫ್ ಎಂ. ಬ್ರೌನ್ ಅದನ್ನು ಮಸೂದೆಯಾಗಿಸಿದರು. 1953ರಲ್ಲಿ ಅದಕ್ಕೆ ಸಹಿ ಹಾಕಿದ ಗವರ್ನರ್ ಅರ್ಲ್ ವಾರನ್ ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು.

ಸಿಟಿ ಕೌನ್ಸಿಲ್, ಕೌಂಟಿಯ ಬೋರ್ಡ್ ಆಫ್ ಸೂಪರ್‌ವೈಸರ್ಸ್, ಸ್ಕೂಲ್ ಬೋರ್ಡ್, ನೀರಿನ ಡಿಸ್ಟ್ರಿಕ್ಟ್, ಪ್ಲಾನಿಂಗ್ ಕಮಿಷನ್ ಎಲ್ಲವೂ ಇದರ ಅಡಿಯಲ್ಲಿ ಬರುತ್ತವೆ. ರಾಜ್ಯ ಮಟ್ಟದ ಮಂಡಳಿಗಳಿಗೆ 1967ರ ಬ್ಯಾಗ್ಲಿ–ಕೀನ್ ಕಾಯ್ದೆ ಇದೆ. ಕಾಯ್ದೆ ಬರೆದ ಶಾಸನಸಭೆ ಮಾತ್ರ ಈ ಎರಡರಿಂದಲೂ ಹೊರಗೆ. ಊರಿಗೆಲ್ಲ ಬುದ್ಧಿ ಹೇಳುವವರು ತಮ್ಮ ಮನೆಗೆ ಬೇರೆ ಬೀಗ ಇಟ್ಟುಕೊಳ್ಳುವುದು ಎಲ್ಲ ದೇಶದಲ್ಲೂ ಇರುವ ಪದ್ಧತಿ. ಇನ್ನು ನಿಮ್ಮ ಟೌನ್‌ಹೌಸ್ ಸಂಕೀರ್ಣದ ಮನೆ ಮಾಲೀಕರ ಸಂಘದ ಜಗಳಕ್ಕೆ ಬ್ರೌನ್ ಕಾಯ್ದೆ ಹಿಡಿದು ಹೋಗಬೇಡಿ. ಅದಕ್ಕೆ ಡೇವಿಸ್–ಸ್ಟರ್ಲಿಂಗ್ ಎಂಬ ಬೇರೆಯೇ ಕಾಯ್ದೆಯಿದೆ.

ನಮ್ಮವರಲ್ಲಿ ಬಹಳ ಮಂದಿಗೆ ಒಂದು ಅಳುಕು: "ನಾನಿನ್ನೂ ಎಚ್–1ಬಿ ವೀಸಾದಲ್ಲಿದ್ದೇನೆ, ಮತ ಹಾಕುವ ಹಾಗಿಲ್ಲ, ನನಗೇಕೆ ಈ ಉಸಾಬರಿ?" ಕಾಯ್ದೆ ಪೌರತ್ವವನ್ನು ಕೇಳುವುದಿಲ್ಲ, ವಿಳಾಸವನ್ನೂ ಕೇಳುವುದಿಲ್ಲ. ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದು, ಮಾತನಾಡಬಹುದು. ಒಳಗೆ ಬರಲು ಹೆಸರು ಬರೆಯಿರಿ ಎಂದು ಒತ್ತಾಯಿಸುವಂತಿಲ್ಲ. ಹಾಜರಿ ಹಾಳೆ ಇಟ್ಟಿದ್ದರೆ, ಸಹಿ ಮಾಡುವುದು ನಿಮ್ಮ ಇಚ್ಛೆ ಎಂದು ಅದರ ಮೇಲೆಯೇ ಬರೆದಿರಬೇಕು. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಿ. ನಮ್ಮ ಊರಿನ ಗ್ರಾಮಸಭೆಯಲ್ಲಿ ಮತದಾರರ ಪಟ್ಟಿಯಲ್ಲಿರುವವರೆಲ್ಲ ಆ ಸಭೆಯ ಸದಸ್ಯರೇ. ಇಲ್ಲಿ ಹಾಗಲ್ಲ, ನೀವು ಸದಸ್ಯರಲ್ಲ, ಹಕ್ಕುಳ್ಳ ಪ್ರೇಕ್ಷಕರು. ನಡುವೆ ಎದ್ದು ನಿಂತು ಪ್ರಶ್ನೆ ಕೇಳಿ ಉತ್ತರಕ್ಕೆ ಪಟ್ಟು ಹಿಡಿಯುವ ನಮ್ಮ ಕಡೆಯ ರೂಢಿ ಇಲ್ಲಿ ನಡೆಯುವುದಿಲ್ಲ.

ಮೊದಲ ಹೆಜ್ಜೆ: ಅಜೆಂಡಾ ಕೈಗೆ ಬರಲಿ

ನಿಯಮಿತ ಸಭೆಯ ಅಜೆಂಡಾವನ್ನು ಕನಿಷ್ಠ 72 ಗಂಟೆ ಮೊದಲು ಹೊರಗೆ ಅಂಟಿಸಬೇಕು, ವೆಬ್‌ಸೈಟ್‌ನಲ್ಲಿಯೂ ಹಾಕಬೇಕು. ಮಂಗಳವಾರ ಸಂಜೆ ಏಳರ ಸಭೆಯೆಂದರೆ ಶನಿವಾರ ಸಂಜೆ ಏಳರೊಳಗೆ. ವಿಶೇಷ ಸಭೆಗೆ 24 ಗಂಟೆ ಸಾಕು, ಆದ್ದರಿಂದ 'ಸ್ಪೆಷಲ್ ಮೀಟಿಂಗ್' ಎಂಬ ಪದ ಕಂಡರೆ ಕಿವಿ ನಿಮಿರಲಿ. ಸಿಟಿ ಕ್ಲರ್ಕ್ ಕಚೇರಿಗೆ ಒಂದು ಇಮೇಲ್ ಬರೆದು, ಎಲ್ಲ ಸಭೆಗಳ ಅಜೆಂಡಾ ಕಳುಹಿಸಿ ಎಂದು ಕೇಳಿಡಿ. ಆ ಕೋರಿಕೆಗೆ ಒಂದು ಕ್ಯಾಲೆಂಡರ್ ವರ್ಷದ ಆಯಸ್ಸು. ಜನವರಿಗೆ ಮತ್ತೆ ಬರೆಯಬೇಕು. ಕ್ಲರ್ಕ್ ಎಂದರೆ ಗುಮಾಸ್ತ ಎಂದುಕೊಳ್ಳಬೇಡಿ. ಇಡೀ ಸಿಟಿ ಹಾಲ್‌ನಲ್ಲಿ ನಿಮಗೆ ಅತ್ಯಂತ ಬೇಕಾದ ಅಧಿಕಾರಿ ಇವರೇ. ನಾನು ಕಂಡಂತೆ ಈ ಕುರ್ಚಿಯಲ್ಲಿ ಕುಳಿತವರು ಬಹುಮಟ್ಟಿಗೆ ಸಹಾಯ ಮಾಡುವವರೇ.

ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಅವರು ಚರ್ಚೆಯನ್ನಾಗಲಿ ತೀರ್ಮಾನವನ್ನಾಗಲಿ ಮಾಡುವಂತಿಲ್ಲ. ತುರ್ತಿನ ಕೆಲವೇ ವಿನಾಯಿತಿಗಳಿವೆ. ಇದರಿಂದ ಒಂದು ತಮಾಷೆಯ ಫಲ ಉಂಟು. ನೀವು ಸಾರ್ವಜನಿಕರ ಮಾತಿನ ಅವಧಿಯಲ್ಲಿ ನಿಮ್ಮ ಬೀದಿದೀಪದ ಗೋಳು ತೋಡಿಕೊಂಡರೆ ಕೌನ್ಸಿಲ್‌ನ ಐವರು ಸದಸ್ಯರೂ ಕಲ್ಲಿನಂತೆ ಕುಳಿತಿರುತ್ತಾರೆ, ಕೊನೆಗೆ ಮೇಯರ್ ಧನ್ಯವಾದ ಹೇಳಿ ಮುಂದಿನವರನ್ನು ಕರೆಯುತ್ತಾರೆ. ಮೊದಲ ಸಲ ನನಗೆ ಇದು ಸೊಕ್ಕು ಎನ್ನಿಸಿತ್ತು. ಅಜೆಂಡಾದಲ್ಲಿ ಇಲ್ಲದ ಮಾತಿಗೆ ಚುಟುಕಾಗಿ ಪ್ರತಿಕ್ರಿಯಿಸಬಹುದೇ ಹೊರತು ಚರ್ಚೆಗೆ ಇಳಿಯಬಾರದು ಎಂದು ಕಾಯ್ದೆಯೇ ಅವರ ಬಾಯಿ ಕಟ್ಟಿದೆ.

ಸ್ಕೂಲ್ ಬೋರ್ಡ್ ಆದರೆ ನಿಮಗೆ ಇನ್ನೂ ಒಂದು ಹಕ್ಕಿದೆ, ಹೆಚ್ಚಿನ ಪೋಷಕರಿಗೆ ಗೊತ್ತಿಲ್ಲ. ರಾಜ್ಯದ ಶಿಕ್ಷಣ ಸಂಹಿತೆಯ ಸೆಕ್ಷನ್ 35145.5ರ ಪ್ರಕಾರ ಶಾಲಾ ಡಿಸ್ಟ್ರಿಕ್ಟ್‌ನ ಕೆಲಸಕ್ಕೆ ನೇರ ಸಂಬಂಧಪಟ್ಟ ವಿಷಯವನ್ನು ಸಾರ್ವಜನಿಕರೂ ಅಜೆಂಡಾಕ್ಕೆ ಸೇರಿಸಲು ಸಾಧ್ಯವಿರಬೇಕು. ಹೇಗೆ ಸೇರಿಸುವುದು ಎಂಬ ನಿಯಮವನ್ನು ಆಯಾ ಬೋರ್ಡ್ ಮಾಡಿಟ್ಟಿರುತ್ತದೆ, ಕೇಳಿ ಪಡೆಯಿರಿ.

ಎರಡನೆಯ ಹೆಜ್ಜೆ: ಆ ನಾಲ್ಕು ಸಾಲನ್ನು ಓದಿ

ಕ್ಲೋಸ್ಡ್ ಸೆಷನ್ ಸಾಮಾನ್ಯವಾಗಿ ಅಜೆಂಡಾದ ಮೊದಲ ಪುಟದಲ್ಲೇ ಇರುತ್ತದೆ. ಸಮಯ ಐದು ಅಥವಾ ಐದೂವರೆ, ಕೆಳಗೆ ನಾಲ್ಕು ಸಾಲು, ಒಂದೆರಡು ಸೆಕ್ಷನ್ ಸಂಖ್ಯೆ. ಜನ ಇದನ್ನು ಹಾರಿಸಿ ಏಳು ಗಂಟೆಯ ಪುಟಕ್ಕೆ ಹೋಗುತ್ತಾರೆ. ನಾನೂ ಹಾಗೇ ಮಾಡಿದ್ದು.

ಇಲ್ಲಿನ ಮೂಲ ನಿಯಮ ಸರಳ. ಕಾಯ್ದೆ ಇಂಥದ್ದಕ್ಕೆ ಎಂದು ಸ್ಪಷ್ಟವಾಗಿ ಅನುಮತಿ ಕೊಟ್ಟಿದ್ದರೆ ಮಾತ್ರ ಬಾಗಿಲು ಮುಚ್ಚಬಹುದು. ವಿಷಯ ಮುಜುಗರದ್ದು, ಜನ ಗಲಾಟೆ ಮಾಡಿಯಾರು, ಪತ್ರಿಕೆಯವರು ಬರೆದಾರು ಎಂಬುದು ಕಾರಣವೇ ಅಲ್ಲ. ಆ ಸೆಕ್ಷನ್ ಸಂಖ್ಯೆಯೇ ಅವರ ಪರವಾನಗಿ, ಸಂಖ್ಯೆಗೆ ತಕ್ಕಂತೆ ಮಾತಿನ ಎಲ್ಲೆ. ಸಂಖ್ಯೆಗಳನ್ನು ಗುರುತಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

54956.8 ಎಂದಿದ್ದರೆ ಜಮೀನು. ಕೊಳ್ಳುವುದು, ಮಾರುವುದು, ಅದಲುಬದಲು, ಗುತ್ತಿಗೆ. ಒಳಗೆ ಹೋಗುವ ಮೊದಲು ಯಾವ ಜಾಗ, ಸಿಟಿಯ ಪರವಾಗಿ ಮಾತುಕತೆ ನಡೆಸುವವರು ಯಾರು, ಎದುರು ಪಕ್ಷ ಯಾರು ಎಂಬುದನ್ನು ಬಹಿರಂಗವಾಗಿ ಹೇಳಬೇಕು. ಒಳಗೆ ಮಾತನಾಡಬಹುದಾದದ್ದು ಎರಡೇ: ಬೆಲೆ ಮತ್ತು ಹಣ ಪಾವತಿಯ ಷರತ್ತುಗಳು. ಇದಕ್ಕೆ ಕಾರಣವೂ ನ್ಯಾಯವಾದದ್ದೇ. ಚಿಕ್ಕಪೇಟೆಯಲ್ಲಿ ಸೀರೆಗೆ ಚೌಕಾಸಿ ಮಾಡುವಾಗ ನಾವು ಎಷ್ಟರವರೆಗೆ ಹೋಗಬಲ್ಲೆವು ಎಂಬುದನ್ನು ಅಂಗಡಿಯವನ ಮುಂದೆ ಮಾತನಾಡಿಕೊಳ್ಳುತ್ತೇವೆಯೇ? ಆದರೆ ಸೀರೆ ಬೇಕೋ ಬೇಡವೋ ಎಂಬುದು ಬೇರೆ ಮಾತು. ಆ ಜಾಗದಲ್ಲಿ ಏನು ಕಟ್ಟಬೇಕು, ಸಂಚಾರದ ಗತಿ ಏನು, ತೋಟವನ್ನು ಎಲ್ಲಿಗೆ ಸಾಗಿಸಬೇಕು ಎಂಬುದೆಲ್ಲ ಬಯಲಿನಲ್ಲೇ ನಡೆಯಬೇಕು. ಸ್ಯಾನ್ ಡಿಯೇಗೊದಲ್ಲಿ ಬೇಸ್‌ಬಾಲ್ ಮೈದಾನದ ಯೋಜನೆಯ ಇಡೀ ಸಂಸಾರವನ್ನೇ ಕೌನ್ಸಿಲ್ 'ಜಮೀನು ಮಾತುಕತೆ' ಎಂಬ ಚೀಟಿ ಅಂಟಿಸಿ ಒಳಗೆ ಚರ್ಚಿಸಿತ್ತು. ಇದು ಸಲ್ಲದು ಎಂದು 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಕಾಯ್ದೆ ಹೆಚ್ಚಾಗಿ ಮೀರಿಹೋಗುವುದು ಇಲ್ಲಿಯೇ ಎಂಬುದು ನನ್ನ ಅಂದಾಜು. ಬೆಲೆಯ ಮಾತು ಆಡುತ್ತ ಆಡುತ್ತ ಉಳಿದದ್ದೆಲ್ಲ ಬಾಯಿಗೆ ಬರುತ್ತದೆ. ತಡೆಯಬೇಕಾದವರು ಸಿಟಿಯ ವಕೀಲರಾದ ಸಿಟಿ ಅಟಾರ್ನಿ ಒಬ್ಬರೇ.

54956.9 ಎಂದರೆ ವ್ಯಾಜ್ಯ. ಈಗಾಗಲೇ ನಡೆಯುತ್ತಿರುವ ಮೊಕದ್ದಮೆಯಾದರೆ ಸಾಮಾನ್ಯವಾಗಿ ಅದರ ಹೆಸರು ಅಜೆಂಡಾದಲ್ಲೇ ಇರುತ್ತದೆ, ಕೋರ್ಟಿನ ದಾಖಲೆಯಲ್ಲಿ ಹುಡುಕಿ ಓದಬಹುದು. 'ವ್ಯಾಜ್ಯದ ಸಂಭವ, ಒಂದು ಪ್ರಕರಣ' ಎಂದಷ್ಟೇ ಇದ್ದರೆ ಸಿಟಿಯ ಮೇಲೆ ದಾವೆ ಬರಬಹುದು ಅಥವಾ ಸಿಟಿಯೇ ದಾವೆ ಹೂಡಬಹುದು ಎಂದರ್ಥ. ಸಿಟಿಯ ಮೇಲೆ ಲಿಖಿತವಾಗಿ ಹಕ್ಕು ಕೇಳಿದ ಅರ್ಜಿ ಇದ್ದರೆ ಅದನ್ನು ನೋಡಲು ಕೇಳಿ. ಅದು ಸಾರ್ವಜನಿಕ ದಾಖಲೆ. ವಕೀಲರ ಜೊತೆ ಗುಟ್ಟಾಗಿ ಸಲಹೆ ಮಾಡಬಹುದು ನಿಜ, ಆದರೆ ಸಾರ್ವಜನಿಕ ವಿಚಾರಣೆ ನಡೆಸಿಯೇ ಕೊಡಬೇಕಾದ ಒಪ್ಪಿಗೆಯನ್ನು 'ರಾಜಿ' ಎಂಬ ಹೆಸರಿನಲ್ಲಿ ಒಳಗೇ ಕೊಟ್ಟುಬಿಡುವಂತಿಲ್ಲ. ಮಾಲಿಬು ಸಿಟಿಗೆ 2006ರಲ್ಲಿ ಕೋರ್ಟ್ ಕಲಿಸಿದ ಪಾಠ ಇದು.

54957 ಎಂದರೆ ಸಿಬ್ಬಂದಿ. ನೇಮಕ, ಕೆಲಸದ ಮೌಲ್ಯಮಾಪನ, ಶಿಸ್ತುಕ್ರಮ, ವಜಾ. ನೌಕರನ ಮೇಲೆ ನಿರ್ದಿಷ್ಟ ದೂರು ಕೇಳುವುದಾದರೆ ಆತನಿಗೆ 24 ಗಂಟೆ ಮೊದಲು ಲಿಖಿತ ಸೂಚನೆ ಕೊಡಬೇಕು. ಬಯಲಿನಲ್ಲೇ ವಿಚಾರಿಸಿ ಎಂದು ಆತ ಕೇಳಿದರೆ ಬಯಲಿನಲ್ಲೇ ಆಗಬೇಕು. ಚುನಾಯಿತ ಸದಸ್ಯರ ನಡತೆಯನ್ನು ಇದರ ಅಡಿಯಲ್ಲಿ ಒಳಗೆ ಚರ್ಚಿಸುವಂತಿಲ್ಲ. ಸಂಬಳದ ವಿಷಯವೂ ಇದರಲ್ಲಿ ಬರುವುದಿಲ್ಲ. ಅದಕ್ಕೆ 54957.6 ಇದೆ, ಅದರಡಿಯಲ್ಲಿ ನೌಕರ ಸಂಘದ ಜೊತೆ ಅಥವಾ ಅಧಿಕಾರಿಯ ಜೊತೆ ಚೌಕಾಸಿ ಮಾಡುವ ತಮ್ಮ ಪ್ರತಿನಿಧಿಗೆ ಸೂಚನೆ ಕೊಡಬಹುದು, ಅಷ್ಟೇ.

ಸಂಬಳದ ಮಾತು ಬಂದಾಗ ಬೆಲ್ ಊರಿನ ಕಥೆ ಹೇಳದೆ ಇರಲಾಗದು. ಲಾಸ್ ಏಂಜಲಿಸ್ ಕೌಂಟಿಯ ಈ ಚಿಕ್ಕ, ಬಡ ಊರಿನ ಜನಸಂಖ್ಯೆ 40,000 ಕೂಡ ಇಲ್ಲ. ಅಲ್ಲಿನ ಸಿಟಿ ಮ್ಯಾನೇಜರ್, ಅಂದರೆ ಆಡಳಿತ ನಡೆಸುವ ಮುಖ್ಯ ಅಧಿಕಾರಿ, ವರ್ಷಕ್ಕೆ ಹೆಚ್ಚುಕಡಿಮೆ 8 ಲಕ್ಷ ಡಾಲರ್ ಸಂಬಳ ಪಡೆಯುತ್ತಿದ್ದುದನ್ನು 2010ರ ಜುಲೈನಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಹೊರಗೆಳೆಯಿತು. ಆತ ಜೈಲಿಗೆ ಹೋದ. 2011ರ ತಿದ್ದುಪಡಿಯ ನಂತರ ಉನ್ನತ ಅಧಿಕಾರಿಯ ಸಂಬಳದ ವಿಷಯವನ್ನು 24 ಗಂಟೆ ಸೂಚನೆಯ ವಿಶೇಷ ಸಭೆಗೆ ತರುವಂತಿಲ್ಲ. ಈಗ ಇನ್ನೊಂದು ನಿಯಮವೂ ಸೇರಿದೆ: ಅಂತಿಮ ಮತಕ್ಕೆ ಮೊದಲು ಸಂಬಳ, ಭತ್ಯೆಗಳ ಸಾರಾಂಶವನ್ನು ಬಾಯಿಬಿಟ್ಟು ಓದಬೇಕು. ಆ ಓದನ್ನು ಕೇಳಲು ಕುಳಿತಿರುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಸಾರ್ವಜನಿಕ ಕಟ್ಟಡಗಳಿಗೆ ಇರುವ ಬೆದರಿಕೆ, ಶಾಲೆಗಳಲ್ಲಿ ವಿದ್ಯಾರ್ಥಿಯ ಮೇಲಿನ ಶಿಸ್ತುಕ್ರಮದಂಥ ಇನ್ನೂ ಕೆಲವು ಕಾರಣಗಳಿವೆ. ನಿಮ್ಮ ದಾರಿಗೆ ಅವು ಅಡ್ಡ ಬರುವುದು ಕಡಿಮೆ.

ಮೂರನೆಯ ಹೆಜ್ಜೆ: ಬಾಗಿಲು ಮುಚ್ಚುವ ಮೊದಲು ಮಾತನಾಡಿ

ಅಜೆಂಡಾದಲ್ಲಿರುವ ಯಾವುದೇ ವಿಷಯದ ಮೇಲೆ, ಅದನ್ನು ಕೈಗೆತ್ತಿಕೊಳ್ಳುವ ಮೊದಲು ಅಥವಾ ಕೈಗೆತ್ತಿಕೊಂಡಾಗ, ಮಾತನಾಡುವ ಅವಕಾಶ ಕೊಡಬೇಕು. ಕ್ಲೋಸ್ಡ್ ಸೆಷನ್ ಕೂಡ ಅಜೆಂಡಾದ ವಿಷಯವೇ. ಆದ್ದರಿಂದ ಐದೂವರೆಗೆ ಸದಸ್ಯರು ಒಂದು ಕ್ಷಣ ಬಹಿರಂಗವಾಗಿ ಕುಳಿತು, ಯಾರಾದರೂ ಮಾತನಾಡುವವರಿದ್ದೀರಾ ಎಂದು ಕೇಳುತ್ತಾರೆ. ಸಭಾಂಗಣ ಖಾಲಿ ಇರುತ್ತದೆ. ಯಾರೂ ಇಲ್ಲವೆಂದು ಒಳಗೆ ಹೋಗುತ್ತಾರೆ. ಅಲ್ಲಿ ನೀವು ಇದ್ದರೆ ಅದೊಂದು ಘಟನೆಯೇ ಸರಿ! ಐದು ಗಂಟೆಗೆ ಕಚೇರಿಯಿಂದ ಹೊರಡುವುದು ಕಷ್ಟವೆಂದು ನನಗೂ ಗೊತ್ತು. ಆಗದಿದ್ದರೆ ಮಧ್ಯಾಹ್ನದೊಳಗೆ ಕ್ಲರ್ಕ್‌ಗೆ ಇಮೇಲ್ ಮಾಡಿ, ಎಲ್ಲ ಸದಸ್ಯರಿಗೂ ತಲುಪಿಸಿ ಎಂದು ಕೋರಿ. ಆನ್‌ಲೈನ್‌ನಲ್ಲಿ ಮಾತನಾಡುವ ನಿಯಮಗಳು ಕೋವಿಡ್ ಬಂದಾಗಿನಿಂದ ಪದೇ ಪದೇ ಬದಲಾಗುತ್ತಿವೆ. ಆ ದಿನದ ಅಜೆಂಡಾದ ಮೊದಲ ಪುಟದಲ್ಲಿ ಏನಿದೆಯೋ ಅದನ್ನೇ ನಂಬಿ.

ಸಾಮಾನ್ಯವಾಗಿ ಮೂರು ನಿಮಿಷ ಸಿಗುತ್ತದೆ, ಜನ ಹೆಚ್ಚಿದ್ದರೆ ಎರಡು ಅಥವಾ ಒಂದಕ್ಕೆ ಇಳಿಸುತ್ತಾರೆ. ಇಲ್ಲಿ ನಮ್ಮವರು ತಿಳಿದಿರಲೇಬೇಕಾದ ಒಂದು ಮಾತು: ಭಾಷಾಂತರಕಾರರ ಮೂಲಕ ಮಾತನಾಡುವವರಿಗೆ ಕನಿಷ್ಠ ಎರಡರಷ್ಟು ಸಮಯ ಕೊಡಬೇಕು. ಮಾತಿನ ಜೊತೆಜೊತೆಗೇ ಅನುವಾದ ಕೇಳಿಸುವ ಉಪಕರಣ ಅಲ್ಲಿದ್ದರೆ ಮಾತ್ರ ಇದು ಅನ್ವಯಿಸುವುದಿಲ್ಲ. ಭಾಷಾಂತರ ಮಾಡುವವರ ಬಳಿ ಪ್ರಮಾಣಪತ್ರ ಇರಬೇಕೆಂದು ಕಾಯ್ದೆ ಹೇಳುವುದಿಲ್ಲ. ಅಜ್ಜಿ ಕನ್ನಡದಲ್ಲಿ ಹೇಳಲಿ, ಮೊಮ್ಮಗ ಇಂಗ್ಲಿಷಿಗೆ ತಿರುಗಿಸಲಿ. ಎರಡು ದಿನ ಮೊದಲೇ ಕ್ಲರ್ಕ್‌ಗೆ ತಿಳಿಸಿದ್ದರೆ ಗಡಿಯಾರ ಒತ್ತುವವರು ಗೊಂದಲಕ್ಕೆ ಬೀಳುವುದಿಲ್ಲ.

ಏನು ಹೇಳಬೇಕು? ಕ್ಲೋಸ್ಡ್ ಸೆಷನ್ ಮುಂಚಿನ ಮಾತಿನಲ್ಲಿ ಎರಡು ಅಂಶ ಇದ್ದರೆ ಸಾಕು. ಒಂದು, ನಿಮ್ಮ ಅಹವಾಲು. ಇನ್ನೊಂದು, ಎಲ್ಲೆಯ ನೆನಪು: "ಅಜೆಂಡಾದಲ್ಲಿ ಬೆಲೆ ಮತ್ತು ಪಾವತಿ ಷರತ್ತು ಎಂದಿದೆ. ತೋಟದ ಸ್ಥಳಾಂತರದ ಚರ್ಚೆಯನ್ನು ದಯವಿಟ್ಟು ಬಹಿರಂಗ ಸಭೆಯಲ್ಲೇ ಮಾಡಿ." ಈ ಒಂದು ವಾಕ್ಯ ಸಭೆಯ ಧ್ವನಿಮುದ್ರಣದಲ್ಲಿ ಸೇರಿಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ. ನೀತಿ, ಕಾರ್ಯಕ್ರಮ, ಸೇವೆಗಳನ್ನು ಟೀಕಿಸುವುದನ್ನು ಅವರು ತಡೆಯುವಂತಿಲ್ಲ. ಗದ್ದಲ ಎಬ್ಬಿಸಿದರೆ ಮಾತ್ರ, ಸಾಮಾನ್ಯವಾಗಿ ಒಮ್ಮೆ ಎಚ್ಚರಿಸಿದ ಮೇಲೆ, ಹೊರಗೆ ಕಳುಹಿಸಬಹುದು. ಬಹಿರಂಗ ಭಾಗವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳುವುದು ನಿಮ್ಮ ಹಕ್ಕು, ಬೇರೆಯವರಿಗೆ ಅಡ್ಡಿಯಾಗದಿದ್ದರೆ ಸರಿ. ಸಿಟಿಯ ಧ್ವನಿಮುದ್ರಣವನ್ನು 30 ದಿನಗಳ ನಂತರ ಅಳಿಸಲು ಕಾಯ್ದೆ ಬಿಡುತ್ತದೆ, ಆದ್ದರಿಂದ ಬೇಕಾದ ಭಾಗವನ್ನು ತಿಂಗಳೊಳಗೆ ಇಳಿಸಿಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಬಾಗಿಲು ತೆರೆಯುವವರೆಗೆ ಇರಿ

ಒಳಗಿನ ಮಾತು ಮುಗಿದ ಮೇಲೆ ಅವರು ಮತ್ತೆ ಬಹಿರಂಗ ಸಭೆಗೆ ಬಂದು, ಸಭೆ ಮುಗಿಸುವ ಮೊದಲು ವರದಿ ಮಾಡಬೇಕು. ಜಮೀನಿನ ಒಪ್ಪಂದ ಅಂತಿಮವಾಗಿದ್ದರೆ, ದಾವೆಯಲ್ಲಿ ವಾದಿಸಲು ಅಥವಾ ಮೇಲ್ಮನವಿ ಹೋಗಲು ಒಪ್ಪಿಗೆ ಕೊಟ್ಟಿದ್ದರೆ, ರಾಜಿಗೆ ಸಹಿ ಬಿದ್ದಿದ್ದರೆ, ಯಾರನ್ನಾದರೂ ನೇಮಿಸಿದ್ದರೆ ಅಥವಾ ತೆಗೆದಿದ್ದರೆ, ಆ ತೀರ್ಮಾನವನ್ನೂ ಯಾರು ಯಾವ ಕಡೆ ಮತ ಹಾಕಿದರು ಎಂಬುದನ್ನೂ ಹೇಳಬೇಕು. ಗುಪ್ತ ಮತದಾನ ಎಂಬುದೇ ಇಲ್ಲಿಲ್ಲ.

ಬಹುತೇಕ ದಿನ ಕೇಳಿಬರುವುದು "ವರದಿ ಮಾಡುವಂಥದ್ದೇನೂ ಇಲ್ಲ" ಎಂಬ ಒಂದೇ ಸಾಲು. ಅದು ಸುಳ್ಳೆಂದೇ ತಿಳಿಯಬೇಡಿ. ಮಾತುಕತೆ ಇನ್ನೂ ನಡೆಯುತ್ತಿರಬಹುದು, ಎದುರು ಪಕ್ಷ ಒಪ್ಪುವುದು ಬಾಕಿ ಇರಬಹುದು. ಆದರೆ ಬರೆದಿಟ್ಟುಕೊಳ್ಳಿ: ದಿನಾಂಕ, ಸಮಯ, ಯಾರು ಓದಿದರು. ಮೂರು ತಿಂಗಳ ನಂತರ ಆ ದಿನವೇ ನಿರ್ಧಾರ ಆಗಿತ್ತೆಂದು ತಿಳಿದುಬಂದರೆ ನಿಮ್ಮ ಆ ಟಿಪ್ಪಣಿಗೆ ಬೆಲೆ ಬರುತ್ತದೆ. ಒಪ್ಪಂದದ ಪ್ರತಿ ಬೇಕೆಂದರೆ ಕ್ಲರ್ಕ್‌ಗೆ ಮೊದಲೇ ಬರೆದು ಕೊಟ್ಟಿರಿ. ಉಳಿದ ಕಡತಗಳಿಗೆ ರಾಜ್ಯದ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ನಮ್ಮ ಮಾಹಿತಿ ಹಕ್ಕಿನ 30 ದಿನಕ್ಕೆ ಬದಲು ಇಲ್ಲಿ ದಾಖಲೆ ಕೊಡುತ್ತೇವೋ ಇಲ್ಲವೋ ಎಂದು 10 ದಿನದಲ್ಲಿ ತಿಳಿಸಬೇಕು, ಆ ಅವಧಿಯನ್ನು ಒಮ್ಮೊಮ್ಮೆ 14 ದಿನ ಹಿಗ್ಗಿಸಬಹುದು.

ಸದಸ್ಯರೊಬ್ಬರನ್ನು ಕಾಫಿಗೆ ಕರೆದು ಒಳಗೆ ಏನಾಯಿತೆಂದು ಬಾಯಿ ಬಿಡಿಸಲು ಹೋಗಬೇಡಿ. ಕ್ಲೋಸ್ಡ್ ಸೆಷನ್‌ನ ಗೌಪ್ಯ ಮಾಹಿತಿಯನ್ನು ಹೊರಗೆ ಹಾಕುವುದು ಅವರಿಗೆ ನಿಷಿದ್ಧ. ಒಳಗೆ ನಡೆದದ್ದು ಕಾಯ್ದೆಬದ್ಧವೇ ಅಲ್ಲವೇ ಎಂಬ ತಮ್ಮ ಅಭಿಪ್ರಾಯವನ್ನು ಮಾತ್ರ ಹೇಳಬಹುದು.

ನಡುವೆ ಒಂದು ಮಾತು: ಬಾಗಿಲೇ ಇಲ್ಲದ ಗುಟ್ಟು

ಸಭೆ ಎಂದರೆ ಮೇಜು, ಕುರ್ಚಿ, ಧ್ವಜ ಇರುವ ಕೋಣೆ ಮಾತ್ರವಲ್ಲ. ಸದಸ್ಯರ ಬಹುಮತ ಒಂದೆಡೆ ಸೇರಿ ತಮ್ಮ ವ್ಯಾಪ್ತಿಯ ವಿಷಯ ಮಾತನಾಡಿದರೆ ಅದು ಸಭೆ. ಐವರ ಕೌನ್ಸಿಲ್‌ನಲ್ಲಿ ಮೂವರು ಸಾಕು. ಕನ್ನಡ ಕೂಟದ ಯುಗಾದಿ ಊಟಕ್ಕೆ ಐವರೂ ಬಂದು ಹೋಳಿಗೆ ತಿಂದರೆ ತಪ್ಪಿಲ್ಲ. ತಿನ್ನುತ್ತ ತಮ್ಮ ತಮ್ಮಲ್ಲೇ ಪಾರ್ಕಿನ ಟೆಂಡರ್ ಮಾತನಾಡಿಕೊಂಡರೆ ತಪ್ಪು.

ಸರಪಳಿ ಮಾತುಕತೆಯೂ ಹಾಗೆಯೇ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಫೋನ್ ಮಾಡಿ ಮೂರು ತಲೆಗಳನ್ನು ಕೂಡಿಸಿದರೂ ಅದು ಗುಪ್ತ ಸಭೆಯೇ. ನಡುವೆ ದೂತನಾಗಿ ಅಧಿಕಾರಿಯೊಬ್ಬರು ಇವರ ಅಭಿಪ್ರಾಯವನ್ನು ಅವರಿಗೆ ಮುಟ್ಟಿಸಿದರೂ ಅಷ್ಟೇ. 2021ರಿಂದ ಸಾಮಾಜಿಕ ಜಾಲತಾಣಕ್ಕೂ ನಿಯಮ ಬಂದಿದೆ: ಕೌನ್ಸಿಲ್ ವ್ಯಾಪ್ತಿಯ ವಿಷಯದಲ್ಲಿ ಒಬ್ಬ ಸದಸ್ಯ ಹಾಕಿದ ಪೋಸ್ಟ್‌ಗೆ ಇನ್ನೊಬ್ಬ ಸದಸ್ಯ ಉತ್ತರಿಸುವುದಿರಲಿ, ಲೈಕ್ ಒತ್ತುವಂತೆಯೂ ಇಲ್ಲ. ಇಲ್ಲಿ ಮೂವರ ಲೆಕ್ಕವೂ ಇಲ್ಲ, ಇಬ್ಬರಾದರೂ ತಪ್ಪೇ. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಐದನೆಯ ಹೆಜ್ಜೆ: ಎಲ್ಲೆ ಮೀರಿದರೆ ಪತ್ರ, ಆಮೇಲೆ ಕೋರ್ಟು

ಇಲ್ಲಿ ದಿನಗಳ ಲೆಕ್ಕವೇ ಎಲ್ಲ. ಕಾಯ್ದೆ ಮೀರಿ ತೆಗೆದುಕೊಂಡ ತೀರ್ಮಾನವನ್ನು ರದ್ದು ಮಾಡಿಸಬೇಕಾದರೆ ಮೊದಲು ಕೌನ್ಸಿಲ್‌ಗೇ ಲಿಖಿತವಾಗಿ, ತಪ್ಪನ್ನು ಸರಿಪಡಿಸಿ ಎಂದು ಕೇಳಬೇಕು. ತೀರ್ಮಾನವಾದ 90 ದಿನದೊಳಗೆ. ಬಹಿರಂಗ ಸಭೆಯಲ್ಲೇ ಆಗಿದ್ದು ಅಜೆಂಡಾದಲ್ಲಿ ಇರಲಿಲ್ಲ ಎಂಬ ದೂರಾದರೆ 30 ದಿನ ಮಾತ್ರ. ಉತ್ತರಿಸಲು ಅವರಿಗೆ 30 ದಿನ. ಅವರು ಒಪ್ಪದಿದ್ದರೆ ಅಥವಾ ಸುಮ್ಮನೆ ಕುಳಿತರೆ, ಅಲ್ಲಿಂದ 15 ದಿನದಲ್ಲಿ ಕೋರ್ಟಿಗೆ ಹೋಗಬೇಕು. ಈ ಕೊನೆಯ 15 ದಿನ ಬಹಳ ಬೇಗ ಕಳೆಯುತ್ತದೆ. ಪತ್ರ ಹಾಕಿದ ದಿನವೇ ವಕೀಲರನ್ನು ಹುಡುಕಿಟ್ಟುಕೊಳ್ಳಿ.

ರದ್ದು ಬೇಡ, ಇನ್ನು ಮುಂದೆ ಹೀಗೆ ಮಾಡಬಾರದು ಎಂಬಷ್ಟೇ ಉದ್ದೇಶವಿದ್ದರೆ ಇನ್ನೊಂದು ಬಗೆಯ ಪತ್ರವಿದೆ. ಅದಕ್ಕೆ 9 ತಿಂಗಳ ಅವಧಿ. ಉತ್ತರವಾಗಿ ಅವರು "ಮತ್ತೆ ಮಾಡುವುದಿಲ್ಲ" ಎಂದು ಬೇಷರತ್ತಾಗಿ ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು. ಆ ಮಾತಿಗೆ ತಪ್ಪಿದರೆ ಅದೇ ಹೊಸ ಉಲ್ಲಂಘನೆ. ದಾವೆಯಲ್ಲಿ ಗೆದ್ದವರಿಗೆ ವಕೀಲರ ಶುಲ್ಕವನ್ನು ಸಿಟಿಯಿಂದ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಸೋತರೆ ಸಿಟಿಯ ಖರ್ಚು ನಿಮ್ಮ ತಲೆಗೆ ಬರುವುದು ದಾವೆ ಸಂಪೂರ್ಣ ಹುರುಳಿಲ್ಲದ್ದಾಗಿದ್ದರೆ ಮಾತ್ರ. ಕಾಯ್ದೆಯಲ್ಲಿ ಕ್ರಿಮಿನಲ್ ಶಿಕ್ಷೆಯ ಮಾತೂ ಇದೆ, ಆದರೆ ಜನರಿಂದ ಮಾಹಿತಿ ಮುಚ್ಚಿಡುವ ಉದ್ದೇಶವೇ ಇತ್ತೆಂದು ಸಾಬೀತು ಮಾಡಬೇಕು. ಪತ್ರದಲ್ಲಿ ಅದರ ಬೆದರಿಕೆ ಹಾಕುವುದು ನನ್ನ ದೃಷ್ಟಿಯಲ್ಲಿ ಹುಡುಗಾಟ.

ಪತ್ರ ಒಂದು ಪುಟ ಮೀರದಿರಲಿ. ಯಾವ ದಿನದ ಯಾವ ವಿಷಯ, ಅಜೆಂಡಾದಲ್ಲಿ ಏನಿತ್ತು, ನಡೆದದ್ದು ಏನು, ಅದು ಹೇಗೆ ಗೊತ್ತಾಯಿತು, ಯಾವ ಸೆಕ್ಷನ್, ನೀವು ಏನು ಕೇಳುತ್ತಿದ್ದೀರಿ. ಕ್ಲರ್ಕ್ ಕಚೇರಿಯಲ್ಲಿ ಕೈಯಾರೆ ಕೊಟ್ಟು ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಮೊಹರಿನ ವಿಷಯದಲ್ಲಿ ತಾಲ್ಲೂಕು ಕಚೇರಿ ಕಲಿಸಿದ ಪಾಠ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ನಮ್ಮ ಪತ್ರ ಹುಟ್ಟಿದ್ದು ಆಕಸ್ಮಿಕವಾಗಿ. ಮುಂದಿನ ಸಭೆಯಲ್ಲಿ, ಬೇರೆ ಯಾವುದೋ ವಿಷಯದ ನಡುವೆ, ಒಬ್ಬ ಸದಸ್ಯರು "ತೋಟವನ್ನು ಖಾಲಿ ಮಾಡಿಸುವುದೆಂದು ಅಂದು ಒಳಗೆ ಒಪ್ಪಿಕೊಂಡಿದ್ದೆವಲ್ಲ" ಎಂದುಬಿಟ್ಟರು. ಅಜೆಂಡಾದಲ್ಲಿ ಇದ್ದದ್ದು ಬೆಲೆ ಮತ್ತು ಪಾವತಿ ಷರತ್ತು ಮಾತ್ರ. ಆ ಎಂಟು ಸೆಕೆಂಡಿನ ವಿಡಿಯೋ ನನ್ನ ಮೊಬೈಲ್‌ನಲ್ಲಿತ್ತು. ಪತ್ರ ಕೊಟ್ಟ 26ನೆಯ ದಿನ ಉತ್ತರ ಬಂತು: ತಪ್ಪು ನಡೆದಿದೆ ಎಂದು ಒಪ್ಪುವುದಿಲ್ಲ, ಆದರೂ ವಿಷಯವನ್ನು ಬಹಿರಂಗ ಸಭೆಯಲ್ಲಿ ಮತ್ತೆ ಚರ್ಚಿಸುತ್ತೇವೆ. ಇಂಥ ಉತ್ತರಗಳ ಭಾಷೆ ಹೀಗೆಯೇ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಆ ದಿನ ಅಮ್ಮ ಕನ್ನಡದಲ್ಲಿ ಮಾತನಾಡಿದರು, ನನ್ನ ಮಗ ಇಂಗ್ಲಿಷಿಗೆ ತಿರುಗಿಸಿದ. ಆರು ನಿಮಿಷ ಸಿಕ್ಕಿತು, ಅವರು ಬಳಸಿದ್ದು ನಾಲ್ಕು. "ಬಳ್ಳಿ ಈಗ ಹೂವು ಬಿಟ್ಟಿದೆ, ಕಾಯಿ ಆಗುವವರೆಗಾದರೂ ಬಿಡಿ" ಎಂದು ಹೇಳಿ ಬಂದು ಕುಳಿತರು. ಗುತ್ತಿಗೆಗೆ 3–2ರಲ್ಲಿ ಒಪ್ಪಿಗೆ ಸಿಕ್ಕಿತು. ಜಾಗ ಖಾಲಿ ಮಾಡಬೇಕಾದ ದಿನ ಮಾತ್ರ ಜುಲೈನಿಂದ ನವೆಂಬರ್‌ಗೆ ಹೋಯಿತು. ಆ ವರ್ಷದ ಹೀರೇಕಾಯಿ ನಮ್ಮ ಕೈಗೆ ಸಿಕ್ಕಿತು.